ಗುರುವಾರದ ಎರಡು ಡಿಗ್ರಿ

ಶಾಲೆಯಲ್ಲಿ ನನ್ನನ್ನು ಎಲ್ಲರೂ ಕರೆಯುವುದು ಯಾಕಮ್ಮ ಎಂದು. ಯಾವುದಕ್ಕಾದರೂ ಒಮ್ಮೆ ಯಾಕೆ ಎಂದು ಕೇಳದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ. ನಾಟಕ ಸಂಘದಲ್ಲಿ ನನಗೆ ಹೆಣದ ಪಾತ್ರ ಕೊಟ್ಟಿದ್ದರು. ಅಭ್ಯಾಸದ ನಡುವೆ ಎದ್ದು ಕೂತು, "ನಾನು ಯಾಕೆ ಸತ್ತೆ?" ಎಂದು ಕೇಳಿದ್ದಕ್ಕೆ ಹೊರಗೆ ಹಾಕಿದರು. ಹಾಡಿನ ಸಂಘದವರು ನನ್ನ ಗಂಟಲು ಕೇಳಿಯೇ ಕೈ ಮುಗಿದರು. ಹೀಗೆ ಒಂಬತ್ತನೇ ತರಗತಿಯಲ್ಲಿ ನಾನು ಹವಾಮಾನ ಸಂಘಕ್ಕೆ ಬಂದು ಬಿದ್ದೆ. ಅಲ್ಲಿ ನನ್ನನ್ನು ಬೇಡ ಎನ್ನಲು ಜನವೇ ಇರಲಿಲ್ಲ.

ಇದ್ದವಳು ಒಬ್ಬಳೇ, ಹತ್ತನೇ ತರಗತಿಯ ಅಕ್ಕ. ಉಷ್ಣಮಾಪಕದಲ್ಲಿ ಅರ್ಧ ಡಿಗ್ರಿ ಆಚೀಚೆ ಬರೆದರೂ ಕೂಗಾಡುತ್ತಿದ್ದುದರಿಂದ ಅವಳ ಹೆಸರು ಅರ್ಧ ಡಿಗ್ರಿ. ಸಂಘವನ್ನು ಹತ್ತೊಂಬತ್ತು ವರ್ಷದ ಹಿಂದೆ ಕಟ್ಟಿದವರು ಭೂಗೋಳದ ಸರ್. ಹಿತ್ತಲಿನಲ್ಲಿ ಗೋಡೆಯ ಪಕ್ಕ ಬಿಳಿ ಬಣ್ಣ ಬಳಿದ ಮರದ ಪೆಟ್ಟಿಗೆ, ಅದರೊಳಗೆ ಉಷ್ಣಮಾಪಕ. ಪ್ರತಿ ಬೆಳಿಗ್ಗೆ ಎಂಟೂವರೆಗೆ ಅದನ್ನು ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುವುದೇ ನಮ್ಮ ಕೆಲಸ. ಮೊದಲು ಪೆಟ್ಟಿಗೆ ಮೈದಾನದಲ್ಲಿತ್ತಂತೆ. ಒಂದೇ ತಿಂಗಳಲ್ಲಿ ಮೂರು ಸಲ ಫುಟ್‌ಬಾಲ್ ಬಡಿದ ಮೇಲೆ ಸರ್ ಅದನ್ನು ಹೊತ್ತು ತಂದು ಗೋಡೆಯ ಮರೆಗೆ ಇಟ್ಟರಂತೆ.

ಸಂಘಕ್ಕೊಂದು ನಿಯಮವಿತ್ತು. ಒಂದೊಂದು ದಿನ ಒಬ್ಬೊಬ್ಬರದು. ಸೋಮವಾರದವರು ಸೋಮವಾರವೇ ಬರೆಯಬೇಕು, ಬೇರೆ ದಿನದ ಪುಟಕ್ಕೆ ಕಣ್ಣು ಹಾಕಬಾರದು. ಹಿಂದಿನ ದಿನದ ಅಂಕಿ ನೋಡಿದರೆ ಇವತ್ತಿನದನ್ನು ಹಾಗೇ ಇಳಿಸಿಬಿಡುವ ಸೋಮಾರಿಗಳು ಇರುತ್ತಾರೆ ಎಂಬುದು ಸರ್ ವಾದ. ತಿಂಗಳ ಕೊನೆಗೆ ಅವರೇ ಎಲ್ಲವನ್ನೂ ಕೂಡಿ ಸರಾಸರಿ ತೆಗೆಯುತ್ತಿದ್ದರು.

ಈ ವರ್ಷ ಇಬ್ಬರೇ ಇದ್ದುದರಿಂದ ಆರು ದಿನವನ್ನು ಹಂಚಿಕೊಂಡೆವು. ಬುಧ, ಗುರು, ಶುಕ್ರ ನನ್ನ ಪಾಲಿಗೆ ಬಂದವು. ಮೂರನೇ ವಾರಕ್ಕೇ ನನ್ನ ತಲೆಗೆ ಹುಳ ಬಿಟ್ಟಂತಾಯಿತು. ಬುಧವಾರ ಇಪ್ಪತ್ತೊಂದು, ಗುರುವಾರ ಇಪ್ಪತ್ಮೂರು, ಶುಕ್ರವಾರ ಮತ್ತೆ ಇಪ್ಪತ್ತೊಂದು. ಮೋಡ ಕವಿದ ವಾರವೂ ಹಾಗೇ, ಬಿಸಿಲಿನ ವಾರವೂ ಹಾಗೇ. ಸೂರ್ಯನಿಗೆ ಗುರುವಾರದ ಮೇಲೆ ಏನು ಅಷ್ಟು ಪ್ರೀತಿ?

ಮುಂದಿನ ಬುಧವಾರ ಸಂಜೆ ಹಳೆಯ ನೋಟ್‌ಬುಕ್ಕುಗಳನ್ನೆಲ್ಲ ಬೀರುವಿನಿಂದ ಇಳಿಸಿಕೊಂಡು ಕೂತೆ. ನಿಯಮ ಮುರಿದೆ, ನಿಜ. ಹತ್ತೊಂಬತ್ತು ವರ್ಷವೂ ಗುರುವಾರ ಎರಡು ಡಿಗ್ರಿ ಜಾಸ್ತಿ. ಹದಿಮೂರು ವರ್ಷದ ಹಿಂದೆ ಮಾತ್ರ ನಾಲ್ಕು ತಿಂಗಳು ಗುರುವಾರಗಳು ಬೇರೆ ದಿನಗಳಷ್ಟೇ ತಣ್ಣಗಿದ್ದವು. ಅಂಕಿ ತೋರಿಸಿದಾಗ ಅರ್ಧ ಡಿಗ್ರಿಯ ಮುಖ ಸಪ್ಪಗಾಯಿತು.

"ತುಟಿ ಪಿಟಕ್ಕನ್ನಬೇಡ," ಎಂದಳು. "ಶನಿವಾರ ಸಂಘಗಳ ಪ್ರದರ್ಶನ ಇದೆ. ಅವತ್ತಿಗೆ ಐದು ಜನ ಆಗದ ಸಂಘ ಮುಚ್ಚಿಬಿಡ್ತೀನಿ ಅಂತ ಹೆಡ್ ಮಿಸ್ ಹೇಳಿದಾರೆ. ಸರ್ ರಿಟೈರ್ ಆಗೋಕೆ ಇನ್ನೆರಡು ತಿಂಗಳು. ಈಗ ಹೋಗಿ ನಿಮ್ಮ ಹತ್ತೊಂಬತ್ತು ವರ್ಷ ತಪ್ಪು ಅಂತ ಹೇಳ್ತೀಯಾ?"

"ಹೇಳಲ್ಲ," ಎಂದೆ. ಆ ಕ್ಷಣಕ್ಕೆ ಅದು ನಿಜವೇ ಆಗಿತ್ತು.

ಮರುದಿನ ಗುರುವಾರ. ಎಂಟು ಗಂಟೆಗೇ ಬಂದು ಪೆಟ್ಟಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಎಂಟೂ ಹತ್ತಕ್ಕೆ ತಲೆಯ ಮೇಲೆ ಗರ್ರ್ ಎಂದು ಸದ್ದಾಯಿತು. ಗೋಡೆಯಲ್ಲಿದ್ದ ಎಕ್ಸಾಸ್ಟ್ ಫ್ಯಾನ್ ತಿರುಗತೊಡಗಿ ಬಿಸಿಗಾಳಿ ನನ್ನ ಮುಖಕ್ಕೇ ರಾಚಿತು. ಇಷ್ಟು ದಿನ ಅಂಕಿ ಬರೆದು ತರಗತಿಗೆ ಓಡುವ ಗಡಿಬಿಡಿಯಲ್ಲಿ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಗೋಡೆಯ ಆಚೆ ಅಡುಗೆ ಸಂಘದ ಕೋಣೆ. ಅಡುಗೆ ಮಿಸ್ ಮೊದಲಿನಿಂದಲೂ ಪ್ರತಿ ಗುರುವಾರ ಬೇಗ ಬಂದು, ಸ್ಟಾಫ್ ರೂಮಿನ ಸಭೆಗೆ ಬಿಸ್ಕತ್ತು ಬೇಯಿಸಲೆಂದು ಖಾಲಿ ಓವನ್ ಕಾಯಲು ಇಡುತ್ತಿದ್ದರು. ಬಿಸ್ಕತ್ತಿನ ವಾಸನೆ ಏಳುವ ಹೊತ್ತಿಗೆ ನಾವು ತರಗತಿಯಲ್ಲಿರುತ್ತಿದ್ದೆವು.

ನನಗೆ ಕುಣಿಯುವಷ್ಟು ಖುಷಿ. ತಿರುಗಿ ನೋಡಿದರೆ ಭೂಗೋಳದ ಸರ್ ನಿಂತಿದ್ದರು.

"ಏನಮ್ಮ ಅಲ್ಲಿ?"

ಹೊಟ್ಟೆಯಲ್ಲಿದ್ದದ್ದೆಲ್ಲ ಒಂದೇ ಉಸಿರಿಗೆ ಹೊರಬಂತು. ಸರ್ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ಫ್ಯಾನಿನ ಎದುರು ಅಂಗೈ ಹಿಡಿದು ನಿಂತರು. ನನಗೆ ನನ್ನ ನಾಲಿಗೆಯ ಮೇಲೇ ಸಿಟ್ಟು ಬಂತು. ಕೇಳುವ ಚಟಕ್ಕೆ ಬಿದ್ದು ಒಬ್ಬ ಒಳ್ಳೆಯ ಮನುಷ್ಯನ ಹತ್ತೊಂಬತ್ತು ವರ್ಷ ಹಾಳು ಮಾಡಿದೆನಲ್ಲ ಎಂದು ಅಳು ಬಂತು.

"ಫುಟ್‌ಬಾಲಿಗೆ ಹೆದರಿ ಇಲ್ಲಿ ತಂದಿಟ್ಟವನು ನಾನೇ," ಎಂದರು ಕೊನೆಗೆ. "ಪಕ್ಕದ ಪುಟ ನೋಡಬೇಡಿ ಅಂದವನೂ ನಾನೇ." ಆಮೇಲೆ ಇದ್ದಕ್ಕಿದ್ದಂತೆ ನನ್ನತ್ತ ತಿರುಗಿದರು. "ಅದ್ಸರಿ, ಆ ನಾಲ್ಕು ತಿಂಗಳು ಯಾಕೆ ತಣ್ಣಗಿತ್ತು?"

ಅವರೂ ಯಾಕೆ ಅಂದರು! ಇಬ್ಬರೂ ಅಡುಗೆ ಕೋಣೆಗೆ ನುಗ್ಗಿದೆವು. ಮಿಸ್ ಹಿಟ್ಟು ಮೆತ್ತಿದ ಬೆರಳಲ್ಲೇ ಲೆಕ್ಕ ಹಾಕಿದರು.

"ಹದಿಮೂರು ವರ್ಷದ ಹಿಂದೆ ಅಂದ್ರೆ... ಅಯ್ಯೋ, ನನ್ನ ಮಗಳು ಹುಟ್ಟಿದ್ದು ಆಗ್ಲೇ ಅಲ್ವಾ ಸರ್. ರಜೆಯಲ್ಲಿದ್ದೆ."

ಸರ್ ಗೊಳ್ಳೆಂದು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಪ್ರದರ್ಶನಕ್ಕೆ ಸರಾಸರಿಯ ನಕ್ಷೆ ಬೇಡ ಎಂದರು ಸರ್. ಗೋಡೆಯುದ್ದಕ್ಕೂ ಕಾಗದ ಅಂಟಿಸಿ, ಹತ್ತೊಂಬತ್ತು ವರ್ಷದ ಗುರುವಾರಗಳನ್ನು ಕೆಂಪು ಚುಕ್ಕಿಯಲ್ಲಿ ಇಟ್ಟೆವು. ಮೇಲೆ ಸರ್ ತಾವೇ ದಪ್ಪ ಅಕ್ಷರದಲ್ಲಿ ಬರೆದರು: ನಾವು ಮಾಡಿದ ತಪ್ಪು. ಅರ್ಧ ಡಿಗ್ರಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಆದರೂ ಒಂದೊಂದು ಚುಕ್ಕಿಯನ್ನೂ ಸ್ಕೇಲ್ ಹಿಡಿದೇ ಇಟ್ಟಳು. ಶನಿವಾರ ನಮ್ಮ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ತಮ್ಮ ತಪ್ಪನ್ನು ಗೋಡೆಗೆ ಅಂಟಿಸಿದ ಮೇಷ್ಟ್ರನ್ನು ಯಾರು ತಾನೆ ನೋಡಿದ್ದರು?

ಅಡುಗೆ ಮಿಸ್ ಮಗಳು ಎಂಟನೇ ತರಗತಿ. ಗೆಳತಿಯ ಕೈ ಹಿಡಿದು ಎಳೆದುಕೊಂಡು ಬಂದವಳು ಚುಕ್ಕಿಗಳು ಕೆಳಗಿಳಿದ ಜಾಗದಲ್ಲಿ ನಿಂತೇಬಿಟ್ಟಳು. "ಇದು ನಾನಾ?" ಎಂದು ಬೆರಳಿಟ್ಟು ಕೇಳಿದಳು.

"ನೀನೇ," ಎಂದರು ಸರ್. "ನೀನು ಹುಟ್ಟಿದ್ದಕ್ಕೆ ನಮ್ಮ ಉಷ್ಣಮಾಪಕ ನಾಲ್ಕು ತಿಂಗಳು ನಿಜ ಹೇಳಿದೆ."

ಅವಳು ಅಲ್ಲೇ ಹೆಸರು ಬರೆಸಿದಳು, ಗೆಳತಿಯದನ್ನೂ ಬರೆಸಿದಳು. ಹೆಡ್ ಮಿಸ್ ಪಟ್ಟಿಯ ಮೇಲೆ ಪೆನ್ನು ಆಡಿಸಿ, "ನಾಲ್ಕೇ ಆಯ್ತಲ್ಲ ಸರ್," ಎಂದರು. ಅವರ ದನಿಯಲ್ಲೂ ಬೇಸರವಿತ್ತು.

ಸರ್ ಪಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ಎರಡು ತಿಂಗಳಾದ ಮೇಲೆ ನಾನೂ ಖಾಲಿ. ಒಂದು ದಿನ ನನಗೂ ಕೊಡಿ," ಎಂದು ಐದನೆಯ ಹೆಸರನ್ನು ಬರೆದರು. ಹೆಡ್ ಮಿಸ್ ಬೇಡ ಅನ್ನಲಿಲ್ಲ.

ಸೋಮವಾರ ಪೆಟ್ಟಿಗೆಯನ್ನು ಮೈದಾನದ ಮೂಲೆಗೆ ಹೊತ್ತು ಸುತ್ತ ತಂತಿಬಲೆ ಕಟ್ಟಿದೆವು. ಗುರುವಾರ ಎಂಟೂವರೆಗೆ ಐದು ತಲೆಗಳೂ ಅದರ ಬಾಗಿಲ ಮುಂದಿದ್ದವು. ಗುರುವಾರ ನನ್ನ ದಿನ ಎಂದು ನಾನು ಪೆನ್ನಿಗೆ ಕೈ ಚಾಚಿದೆ. ಸರ್ ತಲೆಯಾಡಿಸಿ ಪೆನ್ನನ್ನು ಮಿಸ್ ಮಗಳ ಕೈಗೆ ಕೊಟ್ಟರು.

"ಗುರುವಾರ ಇನ್ನು ನಿಂದು ಕಣಮ್ಮ. ನಿಧಾನವಾಗಿ ನೋಡಿ ಬರಿ. ಬುಧವಾರದ ಪುಟಾನೂ ನೋಡು."