ಗುರುವಾರದ ಮರುದಿನ

ಪೂವಮ್ಮ ಮದುವೆಯಾಗಿ ಬಂದು ನಲವತ್ತಮೂರು ವರ್ಷ. ಈ ನಲವತ್ತಮೂರು ವರ್ಷಗಳಲ್ಲಿ ಅವಳು ಗಂಡನೊಡನೆ ಜಗಳವಾಡಿದ್ದುಂಟು, ವಾರಗಟ್ಟಲೆ ಮಾತು ಬಿಟ್ಟದ್ದುಂಟು, ಒಮ್ಮೆ ಸಿಟ್ಟಿನಲ್ಲಿ ಅವನ ಎಲೆಯಡಿಕೆ ಚೀಲವನ್ನು ಒಲೆಗೆ ಹಾಕಿದ್ದೂ ಉಂಟು. ಆದರೆ ಅವನ ಹೆಸರನ್ನು ಮಾತ್ರ ಒಂದು ಸಲವೂ ಬಾಯಿಯಿಂದ ಹೊರಗೆ ಬಿಟ್ಟವಳಲ್ಲ. ಹೆಂಡತಿ ಒಂದು ಸಲ ಹೆಸರು ಹಿಡಿದರೆ ಗಂಡನ ಆಯಸ್ಸಿನಲ್ಲಿ ಒಂದು ದಿನ ಕಡಿಮೆಯಾಗುತ್ತದೆ ಎಂದು ಬಂದ ಹೊಸತರಲ್ಲಿ ಅತ್ತೆ ಹೇಳಿದ್ದರು. ಅತ್ತೆ ತೀರಿಹೋಗಿ ಇಪ್ಪತ್ತು ವರ್ಷವಾಯಿತು. ಅವರ ಮಾತು ಮಾತ್ರ ಅಡುಗೆಮನೆಯ ಹೊಗೆಯ ಹಾಗೆ ಗೋಡೆಗೆ ಹತ್ತಿಕೊಂಡೇ ಉಳಿದಿತ್ತು.

ಗಂಡನ ಹೆಸರು ತುಕ್ರಪ್ಪ. ಶುಕ್ರವಾರ ಹುಟ್ಟಿದ ಮಗುವಿಗೆ ಆ ಕಡೆಯ ಹಿರಿಯರು ಇಡುತ್ತಿದ್ದ ಹೆಸರು ಅದು. ಶುಕ್ರ ಎಂಬುದು ತುಳುವರ ನಾಲಗೆಯಲ್ಲಿ ಹೊರಳಿ ತುಕ್ರ ಆಗಿದೆ. ಇದರಿಂದ ಪೂವಮ್ಮನಿಗೆ ಬೇರೆ ಹೆಂಗಸರಿಗಿಲ್ಲದ ಒಂದು ಕಷ್ಟ. ಹೆಸರೇ ಹೇಳಬಾರದೆಂದ ಮೇಲೆ ಆ ವಾರವನ್ನು ಹೇಳುವುದು ಹೇಗೆ? ಅವಳು ಅದಕ್ಕೆ 'ಗುರುವಾರದ ಮರುದಿನ' ಎನ್ನುತ್ತಾಳೆ. ಕಕ್ಕಿಂಜೆಯ ಅಂಗಡಿಯವರಿಗೆ, ಹಾಲಿನ ಸೊಸೈಟಿಯವರಿಗೆ ಎಲ್ಲರಿಗೂ ಇದು ಗೊತ್ತು. ಮಗಳು ಮೋಕ್ಷಿತಾ ಶಾಲೆಗೆ ಸೇರಿದ ವರ್ಷ ಸ್ಲೇಟಿನಲ್ಲಿ ಗುರುವಾರ, ಗುರುವಾರದ ಮರುದಿನ, ಶನಿವಾರ ಎಂದು ಬರೆದು ಟೀಚರಿಂದ ಬೈಸಿಕೊಂಡಿದ್ದಳು.

ಅಲ್ಲಿಯವರೆಗೆ ಇದು ತಮಾಷೆಯೇ. ಆದರೆ ಬುಧವಾರ ತುಕ್ರಪ್ಪ ರಬ್ಬರ್ ಶೀಟು ಮಾಡುವಲ್ಲಿ ಚೆಲ್ಲಿದ ರಬ್ಬರ್ ಮರದ ಹಾಲಿನ ಮೇಲೆ ಕಾಲಿಟ್ಟು ಜಾರಿ ಬಿದ್ದ. ಬಿದ್ದವನು ಏಳಲಿಲ್ಲ. ಬೆಳ್ತಂಗಡಿಯ ಸರಕಾರಿ ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಸೊಂಟದ ಹತ್ತಿರ ಮೂಳೆ ಮುರಿದಿದೆ, ಆಪರೇಷನ್ ಆಗದಿದ್ದರೆ ಮತ್ತೆ ನಡೆಯುವುದು ಸುಳ್ಳು ಎಂದರು. ಮೂಡುಬಿದಿರೆಯ ಒಂದು ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. "ಸರಕಾರದ ಯೋಜನೆಯಲ್ಲಿ ಆಗ್ತದೆ, ನೀವು ಹೆದರಬೇಡಿ. ರೇಷನ್ ಕಾರ್ಡು, ಆಧಾರ್ ಎರಡೂ ಉಂಟಲ್ಲ?" ಎಂದು ಕೇಳಿದರು. ಪೂವಮ್ಮ ಉಂಟು ಎಂದು ತಲೆಯಾಡಿಸಿದಳು. ಶಿರ್ತಾಡಿಗೆ ಕೊಟ್ಟ ಮಗಳು ಓಡಿಬಂದು ಅಪ್ಪನ ಜತೆ ಅಂಬುಲೆನ್ಸ್ ಹತ್ತಿದಳು. ಪೂವಮ್ಮ ಕಾರ್ಡು ತರಲೆಂದು ಮನೆಗೆ ಹೋಗಿ, ದನಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಒಂದು ದಿನ ಕಳೆದು ಹೊರಟಳು. ಆ ದಿನ ಯಾವ ವಾರವೆಂದು ಅವಳನ್ನು ಕೇಳಿದ್ದರೆ ಗುರುವಾರದ ಮರುದಿನ ಎಂದೇ ಹೇಳುತ್ತಿದ್ದಳು.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಎರಡು ರಾತ್ರಿ ನಿದ್ದೆಯಿಲ್ಲದ ಕಣ್ಣು. ಪ್ಲಾಸ್ಟಿಕ್ ಕವರಿನಿಂದ ರೇಷನ್ ಕಾರ್ಡನ್ನು ತೆಗೆದು, ಓದಲೆಂದಲ್ಲ, ಸುಮ್ಮನೆ ನೋಡಿದಳು. ಕುಟುಂಬದ ಮುಖ್ಯಸ್ಥೆ: ಪೂವಮ್ಮ. ಅದರ ಕೆಳಗೆ, ಗಂಡ: ಶುಕ್ರಪ್ಪ.

ಆಧಾರಿನಲ್ಲಿ ಮಾತ್ರ ಸರಿಯಾದ ಹೆಸರೇ ಇತ್ತು. ಶಾಲೆಯ ಜಗಲಿಯಲ್ಲಿ ಕಾರ್ಡು ಬರೆಸಿದ ದಿನ ಕಣ್ಣಮುಂದೆ ಬಂತು. ಬರೆಯಲು ಬಂದಿದ್ದವನು ಘಟ್ಟದ ಮೇಲಿನವನು, ತುಳು ಬಾರದವನು. ಗಂಡನ ಹೆಸರೇನೆಂದು ಕೇಳಿದ್ದ. ಅವಳು ನೆಲ ನೋಡುತ್ತ ಗುರುವಾರದ ಮರುದಿನ, ಕೊನೆಗೆ ಒಂದು ಅಪ್ಪ ಸೇರಿಸಿ ಎಂದಿದ್ದಳು. ಅವನು ನಕ್ಕು ಶುಕ್ರಪ್ಪ ಎಂದು ಬರೆದ. ಅಲ್ಲ ಎನ್ನಬೇಕಾದರೆ ಹೌದಾದ ಹೆಸರು ಹೇಳಬೇಕಲ್ಲ! ಅವಳು ಹೂಂ ಎಂದು ಬಂದಿದ್ದಳು. ಆಮೇಲೆ ಆಧಾರ್ ಜೋಡಿಸಬೇಕೆಂದಾಗ ರಬ್ಬರ್ ಹಾಲಿನಲ್ಲಿ ಸವೆದ ತುಕ್ರಪ್ಪನ ಹೆಬ್ಬೆಟ್ಟನ್ನು ಮೆಶಿನ್ನು ಹಿಡಿಯಲಿಲ್ಲ. ಮತ್ತೆ ನೋಡುವ ಎಂದು ಬಂದದ್ದು ಹಾಗೆಯೇ ಉಳಿಯಿತು. ಅಕ್ಕಿ ಕೊಡುವಲ್ಲಿ ಪೂವಮ್ಮನ ಬೆರಳು ಸಾಕಿತ್ತು. ಹೆಸರು ಸರಿಯೋ ತಪ್ಪೋ, ಅನ್ನ ಬೇಯುತ್ತಿತ್ತು.

ಬಿಸಿಲು ಕಿಟಕಿಯಿಂದ ಮಡಿಲಿಗೆ ಬಿದ್ದು ಎದ್ದು ಆಡುತ್ತಿತ್ತು. ಕಂಡಕ್ಟರು "ಗುರುವಾಯನಕೆರೆ, ಗುರುವಾಯನಕೆರೆ" ಎಂದು ಕೂಗಿದ್ದು ದೂರದಿಂದ ಕೇಳಿಸಿತು. ಗುರುವಾಯನಕೆರೆ ದಾಟಿದರೆ, ಗುರುವಾರ ದಾಟಿದ ಹಾಗೆ, ಮುಂದಿನ ಸ್ಟಾಪು ಗಂಡನದ್ದೇ ಅಲ್ಲವೇ ಎಂದು ಪೂವಮ್ಮನಿಗೆ ತೋರಿತು. ಹಾಗೆ ತೋರಿದಾಗ ಅವಳು ಎಚ್ಚರವಿದ್ದಳೋ ಇಲ್ಲವೋ, ಅವಳಿಗೇ ತಿಳಿಯದು.

ಬಸ್ಸಿಗೆ ವಾರಗಳು ಹತ್ತುತ್ತಿದ್ದವು. ಮೊದಲು ಆದಿತ್ಯವಾರದ ಐತಪ್ಪ, ಅವಳ ಸೋದರಮಾವ, ಸತ್ತು ಎಷ್ಟೋ ಕಾಲವಾದವನು, ಬಿಳಿ ಮುಂಡಿನಲ್ಲಿ. ಹಿಂದೆಯೇ ಸೋಮಪ್ಪ. ಮಂಗಳವಾರದ ಅಂಗಾರ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು ಹತ್ತಿದ. ಬುಧವಾರದ ಬೂದ, ಗುರುವಾರದ ಗುರುವ. ಎಲ್ಲರ ಕೈಯಲ್ಲೂ ಒಂದೊಂದು ಕಾರ್ಡು. ಕಂಡಕ್ಟರು ಹೆಸರು ಕೇಳಿ ಕೇಳಿ ಒಳಗೆ ಬಿಡುತ್ತಿದ್ದ. ಗುರುವನ ಪಕ್ಕದ ಸೀಟು ಖಾಲಿ. ತುಕ್ರಪ್ಪ ರಸ್ತೆಯ ಬದಿಯಲ್ಲಿ ರಬ್ಬರ್ ಹಾಲಿನ ಬಕೆಟು ಹಿಡಿದುಕೊಂಡು ನಿಂತಿದ್ದ, ಕರೆದರೆ ಬರುವೆನೆಂಬಂತೆ. ಅವನಿಗೆ ಅವಸರವೇ ಇಲ್ಲ. "ಇವರನ್ನು ಹತ್ತಿಸಿಕೊಳ್ಳಿ" ಎಂದಳು ಪೂವಮ್ಮ. "ಯಾರನ್ನಮ್ಮ? ಹೆಸರು ಹೇಳಿ" ಎಂದ ಕಂಡಕ್ಟರು. ಅವಳು ಕಿಟಕಿಯಿಂದ ಬೆರಳು ಮಾಡಿ ತೋರಿಸಿದಳು, ಅಷ್ಟೇ. ಬಸ್ಸು ಹೊರಟಿತು. ತುಕ್ರಪ್ಪ ಬಕೆಟಿನ ಜತೆ ಸಣ್ಣವನಾಗುತ್ತ, ಇನ್ನೂ ಸಣ್ಣವನಾಗುತ್ತ, ಬಿಸಿಲಿನಲ್ಲಿ ಕರಗಿಹೋದ.

"ಮೂಡುಬಿದಿರೆ ಬಂತು, ಇಳಿಯುವುದಿಲ್ಲವಾ?" ಎಂದು ಪಕ್ಕದವರು ಭುಜ ಮುಟ್ಟಿ ಎಬ್ಬಿಸಿದರು.

ಆಸ್ಪತ್ರೆಯ ಒಳಬಾಗಿಲ ಬಳಿ ಸರಕಾರದ ಯೋಜನೆಗೆಂದೇ ಒಂದು ಮೇಜು. ಮೇಜಿನ ಹಿಂದೆ ವಿಸ್ಮಿತಾ ಎಂಬ ಹುಡುಗಿ, ಮೋಕ್ಷಿತಾಳ ಪ್ರಾಯದವಳು. ಕಾರ್ಡು ಇಲ್ಲದವರು, ಕಾರ್ಡು ಇದ್ದೂ ಆಗದವರು, ಎಲ್ಲರೂ ಮೊದಲು ಅವಳ ಮುಂದೆಯೇ ಬಂದು ನಿಲ್ಲಬೇಕು. ಅವಳು ರೇಷನ್ ಕಾರ್ಡನ್ನೂ ಆಧಾರನ್ನೂ ಪಕ್ಕಪಕ್ಕ ಇಟ್ಟು ನೋಡಿದಳು.

"ಅಮ್ಮ, ಇದರಲ್ಲಿ ಶುಕ್ರಪ್ಪ, ಇದರಲ್ಲಿ ತುಕ್ರಪ್ಪ. ಕಂಪ್ಯೂಟರಿಗೆ ಇವರು ಇಬ್ಬರು ಜನ."

"ಒಬ್ಬರೇ ಮಗಳೇ. ನನಗೆ ಇರುವುದೇ ಒಬ್ಬರು."

ವಿಸ್ಮಿತಾ ನಗು ತಡೆದುಕೊಂಡಳು. "ನನಗೆ ಗೊತ್ತುಂಟು. ಆದರೆ ಒಪ್ಪಿಗೆ ಕೊಡುವವರು ಮೇಲಿನ ಆಫೀಸಿನವರು. ನಾನು ಬರೆದು ಕಳಿಸ್ತೇನೆ. ಅವರು ಫೋನು ಮಾಡಿ ಕಾರ್ಡಿನ ಮುಖ್ಯಸ್ಥರನ್ನೇ ಕೇಳ್ತಾರೆ. ಅಂದ್ರೆ ನಿಮ್ಮನ್ನು."

"ಮಗಳು ಹೇಳಿದ್ರೆ ಆಗುದಿಲ್ವಾ?"

"ಅವರ ಹೆಸರು ಈಗ ಗಂಡನ ಮನೆಯ ಕಾರ್ಡಿನಲ್ಲಿ ಅಲ್ವಾ? ನೀವೇ ಹೇಳ್ಬೇಕು. ಐದು ಗಂಟೆಯ ಒಳಗೆ ಆಗ್ಬೇಕಮ್ಮ. ಮೂಳೆ ಡಾಕ್ಟರು ನಾಳೆ ಬೆಳಿಗ್ಗೆ ಬರುವವರು. ಆಮೇಲೆ ಹತ್ತು ದಿನ ಇಲ್ಲ."

ಹತ್ತು ದಿನ ಮಲಗಿದಲ್ಲೇ ಮಲಗಿದರೆ ಎದೆಯಲ್ಲಿ ಕಫ ಕಟ್ಟುತ್ತದೆ, ಬೆನ್ನು ಹುಣ್ಣಾಗುತ್ತದೆ ಎಂದು ವಾರ್ಡಿನಲ್ಲಿ ನರ್ಸು ಹೇಳಿದಳು. ಕೈಯಿಂದ ಹಣ ಕಟ್ಟಿ ಮಾಡಿಸುವುದಾದರೆ ಎರಡೂ ದನಗಳನ್ನು ಮಾರಿದರೂ ಸಾಲದು. ಪೂವಮ್ಮ ಗಂಡನ ಮಂಚದ ಪಕ್ಕ ಸ್ಟೂಲಿನಲ್ಲಿ ಕೂತಳು. ನೋವಿನ ಇಂಜೆಕ್ಷನಿನ ಮಂಪರಿನಲ್ಲಿ ಅವನ ಕಣ್ಣು ಅರ್ಧ ಮುಚ್ಚಿತ್ತು. ಮೋಕ್ಷಿತಾ ಅಪ್ಪನ ಪಾದಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಮೇಲೆ ಫ್ಯಾನು ತಿರುಗಿದ್ದೇ ತಿರುಗಿದ್ದು.

ಆಚೆ ಮಂಚದಲ್ಲಿ ಬಂಟ್ವಾಳ ಕಡೆಯ ನಿವೃತ್ತ ಮಾಸ್ತರು ಚಿನ್ನಯ್ಯ. ಈಚೆ ಮಂಚದಲ್ಲಿ ಆಟೋ ಓಡಿಸುವ ಶಾಫಿ, ಅವನ ಆರೈಕೆಗೆ ಹೆಂಡತಿ ಜುಲೈಕಾ. ಎರಡು ಮಂಚಗಳ ನಡುವೆ, ಪೂವಮ್ಮನ ತಲೆಯ ಮೇಲಿಂದ, ಮಧ್ಯಾಹ್ನದಿಂದ ಒಂದೇ ಚರ್ಚೆ.

"ಸರಕಾರ ಎಲ್ಲ ಪುಕ್ಕಟೆ ಕೊಟ್ರೆ ಜನ ಸೋಮಾರಿ ಆಗ್ತಾರೆ" ಎಂದರು ಮಾಸ್ತರು. "ನಾನು ನೋಡಿ, ವರ್ಷ ವರ್ಷ ಕಂಪನಿಗೆ ವಿಮೆ ಕಟ್ಟಿದವ."

"ಸೋಮಾರಿತನಕ್ಕೆ ಯಾರಾದ್ರೂ ಕಾಲು ಮುರಿದುಕೊಳ್ತಾರಾ ಮಾಸ್ತ್ರೇ?" ಎಂದಳು ಜುಲೈಕಾ. "ನೀವು ಕಲಿಸಿದ ಶಾಲೆ ಸರಕಾರದ್ದು, ನಿಮ್ಮ ಪೆನ್ಶನ್ ಸರಕಾರದ್ದು. ಆಸ್ಪತ್ರೆ ಮಾತ್ರ ಯಾಕೆ ಅವರವರದ್ದು? ನಮ್ಮ ಕಾರ್ಡಿಗೆ ಒಂದು ಪಾಲು ಮಾತ್ರ ಸಿಗ್ತದಂತೆ, ಉಳಿದದ್ದು ನಾವೇ ನೋಡ್ಬೇಕು. ಆಟೋ ಉಂಟಲ್ಲ ನಿಮಗೆ ಅಂತಾರೆ. ಆಟೋ ಬ್ಯಾಂಕಿನದ್ದು."

ಮಾಸ್ತರು ಉತ್ತರಿಸಲು ಬಾಯಿ ತೆರೆದರು. ಅಷ್ಟರಲ್ಲಿ ಅವರ ಫೋನು ಸದ್ದು ಮಾಡಿತು. ಅವರಿಗೆ ಸಕ್ಕರೆ ಕಾಯಿಲೆ ಯಾವ ಇಸವಿಯಿಂದ, ಮೊದಲೇ ಯಾಕೆ ತಿಳಿಸಲಿಲ್ಲ ಎಂದು ಆ ವಿಮೆ ಕಂಪನಿ ಮೂರನೆಯ ಸಲ ಕೇಳಿತ್ತು. ಅವರು ಕನ್ನಡಕ ಹಾಕಿಕೊಂಡು, ಪಾಪ, ಮತ್ತೆ ಉತ್ತರ ಬರೆಯತೊಡಗಿದರು. ಜುಲೈಕಾ ಎದ್ದು ಅವರ ಬಾಟಲಿಗೆ ನೀರು ತುಂಬಿಸಿಕೊಟ್ಟಳು.

ಪೂವಮ್ಮನಿಗೆ ಯಾರ ಮಾತು ಸರಿಯೆಂದು ತೀರ್ಮಾನಿಸುವಷ್ಟು ಶಕ್ತಿ ಇರಲಿಲ್ಲ. ಅವಳಿಗೆ ತಿಳಿದದ್ದು ಇಷ್ಟೇ: ಕೊಡುವವರು ಸರಕಾರದವರಾಗಲಿ ಕಂಪನಿಯವರಾಗಲಿ, ಮೊದಲು ಹೆಸರು ಕೇಳುತ್ತಾರೆ.

ನಾಲ್ಕೂವರೆಗೆ ವಿಸ್ಮಿತಾ ಫೋನು ಹಿಡಿದುಕೊಂಡು ವಾರ್ಡಿಗೇ ಓಡಿಬಂದಳು. ಸ್ಪೀಕರಿನಲ್ಲಿ ಒಂದು ಗಂಡು ಸ್ವರ, ಘಟ್ಟದ ಮೇಲಿನ ಕನ್ನಡ.

"ಪೂವಮ್ಮ ಅವರಾ? ನಿಮ್ಮ ಯಜಮಾನರ ಹೆಸರು ಹೇಳಿ."

"ಇವರೇ, ಇಲ್ಲೇ ಮಲಗಿದ್ದಾರೆ."

"ಹೆಸರು ಹೇಳ್ಬೇಕಮ್ಮ. ರೆಕಾರ್ಡ್ ಮಾಡ್ಕೊತೀನಿ."

"ಅದು... ಗುರುವಾರದ ಮರುದಿನ."

"ಅಂದ್ರೆ? ಶುಕ್ರಪ್ಪ ಅಂತಾನಾ?"

ಅದೇ ತಪ್ಪು, ಮತ್ತೆ. ಕಾರ್ಡು ಬರೆಸಿದ ಆ ಜಗಲಿಯಲ್ಲೇ ತಾನಿನ್ನೂ ನಿಂತಿರುವ ಹಾಗೆ ಅವಳಿಗೆ ಅನ್ನಿಸಿತು. ಮೋಕ್ಷಿತಾ ಅಮ್ಮನ ಕೈ ಹಿಡಿದು "ಅಮ್ಮ, ಹೇಳಮ್ಮ, ಒಂದ್ಸಲ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ಪೂವಮ್ಮ ಗಂಡನ ಮುಖ ನೋಡಿದಳು. ಮೂರು ದಿನದ ಬಿಳಿ ಗಡ್ಡ. ಹೆಸರು ಹೇಳಿದರೆ ಒಂದು ದಿನ ಕಡಿಮೆ. ಯಾವ ದಿನ ತೆಗೆಯುತ್ತಾರೆ? ತೆಗೆಯುವುದಾದರೆ ಕೊನೆಯಿಂದಲೇ ತೆಗೆಯಬೇಕು. ಕೊನೆಯ ದಿನ ಯಾರಿಗೂ ಅಂಥ ಸುಖದ ದಿನವೇನಲ್ಲ. ಹೋದರೆ ಹೋಗಲಿ. ಅದರ ಬದಲಿಗೆ ಗುಡ್ಡೆ ಹತ್ತಿ ಇಳಿಯುವ ಸಾವಿರ ದಿನ ಸಿಗಬಹುದಲ್ಲ ಎಂದು ಲೆಕ್ಕ ಹಾಕಿ, ಅವಳು ಮನಸ್ಸಿನಲ್ಲೇ ಅತ್ತೆಯ ಕ್ಷಮೆ ಕೇಳಿದಳು.

"ತುಕ್ರಪ್ಪ" ಎಂದಳು. ಅದು ಅವಳ ಕಿವಿಗೇ ಕೇಳಿಸಲಿಲ್ಲ.

"ಜೋರಾಗಿ ಹೇಳಿ, ಕೇಳಿಸ್ತಿಲ್ಲ."

"ತುಕ್ರಪ್ಪ."

"ಏನು? ಸುಬ್ರಪ್ಪನಾ? ಲೈನ್ ಸರಿ ಇಲ್ಲಮ್ಮ."

ಪೂವಮ್ಮನಿಗೆ ಸಿಟ್ಟು ನೆತ್ತಿಗೇರಿತು. ಎರಡು ದಿನ ಸುಮ್ಮನೆ ದಂಡವಾಯಿತಲ್ಲ! ಅವಳು ಎದ್ದು ನಿಂತಳು. ಸಂಜೆಗೆ ದನಗಳನ್ನು ಕರೆಯುವಾಗ ಗುಡ್ಡೆಯ ಆಚೆ ಬದಿಗೂ ಮುಟ್ಟುವ ಸ್ವರ ಅವಳದು. ಆ ಸ್ವರದಲ್ಲಿ ಕೂಗಿದಳು:

"ತುಕ್ರಪ್ಪಾ!"

ವಾರ್ಡಿನವರೆಲ್ಲ ತಿರುಗಿ ನೋಡಿದರು. ಮಾಸ್ತರ ಮೂಗಿನಿಂದ ಕನ್ನಡಕ ಜಾರಿತು. ಆಗ ಮಂಚದಿಂದ, ಕಣ್ಣು ತೆರೆಯದೆಯೇ, ತುಂಬ ದೂರದ ಗದ್ದೆಯಿಂದ ಎಂಬಂತೆ ಒಂದು ಸ್ವರ ಬಂತು.

"ಓ... ಬಂದೆ."

ಫೋನಿನಾಚೆಯವನು ಕೇಳಿದ: "ಓ ಅಂದಿದ್ದು ಯಾರಮ್ಮ?"

"ಅವರೇ" ಎಂದಳು ಪೂವಮ್ಮ. "ಅವರ ಹೆಸರು ಅದು."

"ಗೊತ್ತಾಯ್ತು ಬಿಡಿ. ಇಬ್ಬರೂ ಒಬ್ಬರೇ ಅಂತ ಬರೆದು ಸಹಿ ಹಾಕಿ ಕಳಿಸಿ, ಮಾಡ್ಕೊಡ್ತೀನಿ."

ಐದಕ್ಕೆ ಹತ್ತು ನಿಮಿಷ ಇರುವಾಗ ಒಪ್ಪಿಗೆ ಬಂತು. ವಿಸ್ಮಿತಾ ಬಾಗಿಲಲ್ಲಿ ನಿಂತು ಹೆಬ್ಬೆರಳು ಎತ್ತಿ ತೋರಿಸಿದಳು. ಪೂವಮ್ಮ ಸ್ಟೂಲಿನಲ್ಲಿ ಕುಸಿದು ಕೂತು ಸೆರಗಿನಿಂದ ಮುಖ ಮುಚ್ಚಿ ಅತ್ತಳು, ಸಂತೋಷಕ್ಕೋ ಹೋದ ಮೂರು ದಿನಗಳಿಗೋ. ಜುಲೈಕಾ ಅವಳ ಬೆನ್ನು ಸವರುತ್ತ ಕೂತಳು.

ಮರುದಿನ ಬೆಳಿಗ್ಗೆ ಗಾಲಿಮಂಚ ಆಪರೇಷನ್ ಕೋಣೆಯ ಬಾಗಿಲಿಗೆ ಬಂತು. ತುಕ್ರಪ್ಪನಿಗೆ ಈಗ ಪೂರ್ತಿ ಎಚ್ಚರ. ಅವನು ಹೆಂಡತಿಯನ್ನು ಹತ್ತಿರ ಕರೆದ.

"ನಿನ್ನೆ ನನ್ನನ್ನು ಯಾರೋ ಕರೆದ ಹಾಗಾಯ್ತು. ಅಮ್ಮನ ಸ್ವರ ಅಂತ ಎಣಿಸಿದೆ. ಹಾಗೆ ಕರೆಯುವವರು ಮನೆಯಲ್ಲಿ ಅವಳೊಬ್ಬಳೇ ಇದ್ದದ್ದು."

"ನಾನೇ ಕರೆದದ್ದು. ಮೂರು ಸಲ. ಮೂರು ದಿನ ಹೋಯ್ತು ನಿಮ್ಮದು" ಎಂದು ಪೂವಮ್ಮ ತಪ್ಪು ಒಪ್ಪಿಕೊಂಡಳು.

ತುಕ್ರಪ್ಪ ಹೆಂಡತಿಯ ಕೈ ಹಿಡಿದುಕೊಂಡ. ನರ್ಸು ಮಂಚಕ್ಕೆ ಕೈಹಚ್ಚಿದಳು.

"ಇನ್ನೊಂದು ದಿನ ಹೋಗಲಿ ಮಾರಾಯ್ತಿ" ಎಂದ. "ಕರಿ."

ಪೂವಮ್ಮ ಆಚೆ ಈಚೆ ನೋಡಿದಳು. ಬಾಗಿ ಅವನ ಕಿವಿಯಲ್ಲಿ ಹೆಸರು ಹೇಳಿದಳು. ಅವನು ಓ ಎಂದ. ನರ್ಸು ಮಂಚವನ್ನು ಒಳಗೆ ತಳ್ಳಿಕೊಂಡು ಹೋದಳು.