ಕಿಟಕಿಯ ಒಳಗಡೆ

ಗಡಿಯಾರ ರಿಪೇರಿಯವನು ಅಂಗಡಿಯಲ್ಲಿ ಒಂದು ಸಿಗರೇಟನ್ನೂ ಸೇದಿದವನಲ್ಲ. ಬೂದಿಯ ಕಣವೊಂದು ಚಕ್ರಗಳ ನಡುವೆ ಬಿದ್ದರೂ ಗಡಿಯಾರ ಕೆಟ್ಟೀತು ಎಂದು, ಸೇದುವ ಗಿರಾಕಿಗಳನ್ನೂ ಹೊರಗೇ ನಿಲ್ಲಿಸುತ್ತಿದ್ದ. ಹೀಗೆ ಊರವರ ಗಡಿಯಾರಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿ, ದಿನವಿಡೀ ತಡೆದುಕೊಂಡ ಚಟವನ್ನೆಲ್ಲ ಮನೆಗೆ ಹೊತ್ತು ತರುತ್ತಿದ್ದ. ಚಪ್ಪಲಿ ಬಿಡುವ ಮೊದಲೇ ಕಡ್ಡಿ ಗೀರುವ ಸದ್ದು ಕೇಳಿಸುತ್ತಿತ್ತು.

ಮನೆಯೆಂದರೆ ಒಂದು ಕೋಣೆ, ಅಡುಗೆಗೊಂದು ಮೂಲೆ, ಒಂದು ಕಿಟಕಿ. ಕಿಟಕಿಯ ಬಳಿ ಹೊಲಿಗೆ ಯಂತ್ರ, ಅದರ ಮುಂದೆ ಅವನ ಹೆಂಡತಿ. ಅವಳಿಗೆ ಬಿಡದ ಕೆಮ್ಮು. ಧೂಳಿನದು ಎಂದು ಗಂಡ, ಬಟ್ಟೆಯ ನೂಲಿನದು ಎಂದು ನಾದಿನಿ. ನಿಜವಾದ ಕಾರಣ ಮಾತ್ರ ಕಣ್ಣೆದುರಿಗೇ ಕಾಲು ಚಾಚಿ ಕೂತು ಹೊಗೆ ಬಿಡುತ್ತಿತ್ತು.

"ರೀ, ಹೊರಗಡೆ ಹೋಗಿ ಸೇದ್ಬಾರ್ದಾ?" ಎಂದಳು ಒಮ್ಮೆ.

"ನನ್ನ ಮನೇಲಿ ನಾನು ಕಳ್ಳನ ಥರ ಬೀದೀಲಿ ನಿಲ್ಬೇಕಾ? ನೋಡಿದೋರು ಏನಂದ್ಕೋತಾರೆ?"

ಅವಳು ಕಿಟಕಿಯನ್ನು ಇನ್ನಷ್ಟು ಅಗಲ ತೆರೆದಿಟ್ಟಳು. ಅದಕ್ಕೂ ಕಲ್ಲು ಬಿತ್ತು. ಪಕ್ಕದ ಮನೆಯ ಬಾಣಂತಿ ಬಂದು, "ಅಣ್ಣಾ, ಹೊಗೆ ನಮ್ಮನೆಗೆ ಬರುತ್ತೆ, ಕೂಸಿಗೆ ಆಗಲ್ಲ" ಎಂದಳು. ಅವನು ಕರಗಿ ನೀರಾದ. "ಛೆ ಛೆ, ಎಳೆ ಕೂಸು! ಮೊದಲೇ ಹೇಳ್ಬಾರ್ದಾ ತಂಗಿ?" ಎಂದವನೇ ಕಿಟಕಿ ಮುಚ್ಚಿ ಚಿಲಕ ಹಾಕಿದ. ಮತ್ತೆ ಬಂದು ಕೂತು, ನೆಮ್ಮದಿಯಿಂದ ಇನ್ನೊಂದು ಹಚ್ಚಿದ. ಓಣಿಯಲ್ಲಿ ಅವನಿಗೆ ಒಳ್ಳೆಯ ಹೆಸರು ಬಂತು, ಹೆಂಡತಿಗೆ ದಮ್ಮು ಬಂತು.

ಗುಡಿಯ ಮೆಟ್ಟಿಲು ಹತ್ತಲಾಗದೆ ಕುಸಿದ ದಿನ ಅವಳನ್ನು ಆಸ್ಪತ್ರೆಗೆ ಸೇರಿಸಿದರು. ಪರೀಕ್ಷೆಗಳನ್ನೆಲ್ಲ ನೋಡಿದ ಡಾಕ್ಟರು, "ಎಷ್ಟು ವರ್ಷದಿಂದ ಸೇದ್ತಿದ್ದೀರಮ್ಮ?" ಎಂದು ಕೇಳಿದರು.

ಅವಳು ಬಾಯಿ ತೆರೆಯುವ ಮೊದಲೇ ಗಂಡ ಕೆರಳಿದ. "ಏನ್ ಡಾಕ್ಟ್ರೇ ಹೀಗಂತೀರಾ? ನಮ್ದು ಮರ್ಯಾದಸ್ಥರ ಮನೆ. ಹೆಂಗಸರು ಅದನ್ನೆಲ್ಲ ಮುಟ್ಟಲ್ಲ."

ಡಾಕ್ಟರು ಅವನ ಅಂಗಿಯ ಜೇಬಿನಿಂದ ಇಣುಕುತ್ತಿದ್ದ ಸಿಗರೇಟು ಪ್ಯಾಕನ್ನು ನೋಡಿದರು. "ಹಾಗಾದ್ರೆ ನಿಮ್ಮದನ್ನ ಇವರು ಸೇದಿದಾರೆ. ಹಾಳಾದ ಶ್ವಾಸಕೋಶ ಸರಿಹೋಗಲ್ಲ. ಇನ್ನೂ ಹೊಗೆ ತಾಗಿದ್ರೆ ಉಳಿದಿರೋದೂ ಹೋಗುತ್ತೆ."

ಅವನು ಹೂಂ ಹೂಂ ಎಂದು ತಲೆಯಾಡಿಸಿದ. ಮನೆಗೆ ಬಂದ ಮೇಲೆ ಕೆಲವು ದಿನ ಹಲ್ಲು ಕಚ್ಚಿಕೊಂಡು ಇದ್ದ. ಆಮೇಲೆ "ಒಂದೇ ಒಂದು ಕಣೆ" ಎಂದ. ಅದಾದ ಮೇಲೆ ಹೇಳುವುದನ್ನೂ ಬಿಟ್ಟ.

ಪಕ್ಕದ ಮನೆಯವಳು ಹಣ್ಣು ಹಿಡಿದುಕೊಂಡು ನೋಡಲು ಬಂದಳು. "ಅಕ್ಕಾ, ನೀವು ಪುಣ್ಯ ಮಾಡಿದ್ರಿ. ನಮ್ಮ ಕೂಸಿಗೋಸ್ಕರ ಅಣ್ಣ ಕಿಟಕೀನೇ ತೆಗೆಯಲ್ಲ. ಇಂಥೋರು ಎಲ್ಲಿ ಸಿಗ್ತಾರೆ?"

"ಆ ಕಿಟಕಿ ಒಳಗಡೆ ನಾನಿದ್ದೆ ಕಣಮ್ಮ" ಎಂದು ಅವಳು ಏದುಸಿರು ಬಿಡುತ್ತಲೇ ಎದ್ದು ಚಿಲಕಕ್ಕೆ ಕೈ ಹಾಕಿದಳು.

ಪಕ್ಕದ ಮನೆಯವಳ ಮುಖ ಸಣ್ಣದಾಯಿತು. ಆದರೂ, "ಈಗ ಬೇಡ ಅಕ್ಕಾ... ಕೂಸು ಮಲಗಿದೆ" ಎಂದಳು.

ಕೂಸಿನ ತಪ್ಪೇನು? ಅವಳು ಚಿಲಕದಿಂದ ಕೈ ಹಿಂದಕ್ಕೆ ತೆಗೆದಳು. ಸಂಜೆ ಗಂಡ ಬಂದು ಕಡ್ಡಿ ಗೀರಿದಾಗ, ಕುರ್ಚಿಯನ್ನು ಎಳೆದೂ ಎಳೆದೂ ಬಾಗಿಲಾಚೆ ತಂದು, ಗುಂಡಿ ಹಾಕಬೇಕಿದ್ದ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಬೀದಿಯಲ್ಲೇ ಕೂತಳು.

ಗಂಡ ಹೊಸ್ತಿಲಿಗೆ ಬಂದ, ಕೈಯಲ್ಲಿ ಉರಿಯುತ್ತಿದ್ದ ಸಿಗರೇಟಿನ ಸಮೇತ. "ಒಳಗೆ ಬಾರೇ! ಬೀದೀಲಿ ಕೂತ್ರೆ ನೋಡಿದೋರು ಏನಂದ್ಕೋತಾರೆ?"

ಅವಳು ಸೂಜಿಗೆ ದಾರ ಪೋಣಿಸುತ್ತ ತಲೆಯೆತ್ತದೆ ಹೇಳಿದಳು: "ಉಸಿರಾಡ್ತಾ ಇದಾಳೆ ಅಂದ್ಕೋತಾರೆ."