ಸುಣ್ಣದ ಗೆರಿ ತನಕ

"ಮೋಸ ಮಾಡಿದಾಂವ ಮತ್ತ ದೇಶದ ಟೀಮಿನ್ಯಾಗ ಆಡೂದಾ? ಶಿಕ್ಷಾ ಮುಗದ್ರ ಬುದ್ಧಿ ಬದಲಾತೇನು?" ಅಂತ ಉದ್ಯಮಬಾಗದ ಚಾದ ಅಂಗಡ್ಯಾಗ ಟಿವಿ ಮುಂದ ನಿಂತು ಒದರ್ಯಾಡಿದಾಂವ ನಾನ. ನಿಷೇಧ ಮುಗಿಸಿದ ಆಟಗಾರರನ್ನ ಅಂತರರಾಷ್ಟ್ರೀಯ ಪಂದ್ಯಕ್ಕ ತಗೋಬೇಕೋ ಬ್ಯಾಡೋ ಅಂತ ಚರ್ಚಾ ನಡದಿತ್ತು.

ನಮ್ಮ ಕ್ಲಬ್ಬಿನ ಹಿರ್ಯಾ ಬಸಲಿಂಗಪ್ಪ ಕಾಕಾ ಕಪ್ಪು ಕೆಳಗಿಟ್ಟ. "ಹಂಗಾರ ಮಯೂರ, ನಮ್ಮ ರೋಹನನ್ನ ಏನ ಮಾಡೂಣು? ಅವನ ಶಿಕ್ಷಾನೂ ಮುಗೀತು."

ರೋಹನ ನಮ್ಮ ಫಾಸ್ಟ್ ಬೌಲರ್. ಎರಡ ವರ್ಷದ ಹಿಂದ ಖಾನಾಪುರದ ಫೈನಲ್‌ನ್ಯಾಗ ದುಡ್ಡು ತಿಂದು, ಬೇಕಂತನ ಗೆರಿ ದಾಟಿ ನೋ-ಬಾಲ್ ಹಾಕಿ ನಮ್ಮನ್ನ ಸೋಲಿಸಿದ್ದ. ಅದಕ್ಕ ಎರಡ ವರ್ಷ ಆಡದಂಗ ನಿಷೇಧ ಬಿದ್ದಿತ್ತು. ಕ್ಯಾಪ್ಟನ್ ನಾನ. ಹೊಟ್ಟ್ಯಾಗಿನ ಉರಿ ಇನ್ನೂ ಆರಿರಲಿಲ್ಲ.

"ಅಂವ ಬಂದ್ರ ನಾ ಬರಂಗಿಲ್ಲ, ಕಾಕಾ."

"ಶಿಕ್ಷಾ ಕೊಟ್ಟಾವ್ರು ಸಾಕು ಅಂದಾರ. ನೀ ಯಾವ ದೊಡ್ಡ ಜಡ್ಜಲೇ?"

ಕಾಕಾನ ಮಾತಿಗೆ ಎದುರಾಡೂದು ನಮ್ಮಲ್ಲಿಲ್ಲ. ರೋಹನ ಬಂದ. ಗ್ರಹಚಾರ ನೋಡ್ರಿ, ಮತ್ತ ಅದ ಖಾನಾಪುರ, ಅದ ಮೈದಾನ, ಅದ ಫೈನಲ್! ಮೈಕಿನಾಂವ ಒಂದ ಉಸಿರಿಗೆ ಮರಾಠಿ, ಇನ್ನೊಂದಕ್ಕ ಕನ್ನಡ ಒದರಾಕತ್ತಿದ್ದ. ರೋಹನ ಓಡಿ ಬಂದಾಗೊಮ್ಮೆ ಮಂದಿ "ನೋ-ಬಾಲ್!" ಅಂತ ಕೂಗಿ ನಗ್ತಿದ್ರು.

ಕಡೀ ಓವರ್ ಅವಂದ. ಬಾಲ್ ಒಂದಕ್ಕೂ ಜೋರಿಲ್ಲ. ಖಾನಾಪುರದಾವ್ರು ಬಾರಿಸಾಕ ಹತ್ತಿದ್ರು. ನನಗ ಪಿತ್ತ ನೆತ್ತಿಗೇರಿತು.

"ಏನಲೇ, ಮದಲಗಿತ್ತಿಗತೆ ಹೆಜ್ಜಿ ಇಡಾಕತ್ತಿ?" ಅಂತ ಓಡಿ ಹೋಗಿ ನೆಲಾ ನೋಡ್ದೆ. ಅವನ ಬೂಟಿನ ಗುರುತು ಸುಣ್ಣದ ಗೆರಿಗಿಂತ ಒಂದ ಮೊಳ ಹಿಂದಿತ್ತು! ಗೆರಿ ಮುಟ್ಟಾಕೂ ಹೆದರಿ, ಅಷ್ಟ ದೂರದಿಂದ ಒಗ್ಯಾಕತ್ತಿದ್ದ. ನಾ ಅವನ ಹೆಗಲ ಮ್ಯಾಲ ಕೈ ಇಟ್ಟೆ.

"ಗೆರಿ ತನಕ ಬಾರೋ. ಅಲ್ಲಿ ತನಕ ಜಾಗಾ ನಿಂದ ಐತಿ."

"ದಾಟಿದ್ರ?"

"ದಾಟಿದ್ರ ನೋ-ಬಾಲ್. ಎಲ್ಲಾರದೂ ದಾಟತೈತಿ."

ಓಟ ಸುರು ಮಾಡೂ ಕಡೆ ಗುರುತಿಗಂತ ಅಂವ ಚಪ್ಪಲ್ ಇಟ್ಟಿದ್ದ. ಅದನ್ನ ನಾನ ಎತ್ತಿ ಮುಂದಿಟ್ಟೆ.

ಕಡೀ ಬಾಲ್. ಅವರಿಗೆ ಮೂರ ರನ್ ಬೇಕು. ರೋಹನ ಓಡಿ ಬಂದ. ಅಬಬಬ, ಏನ್ ಜೋರ್ರಿ ಅದು! ಬ್ಯಾಟು ಗಾಳ್ಯಾಗ ತಿರಗಿತು. ನಾ ಜಿಗದೇ ಬಿಟ್ಟೆ. ಆದ್ರ ಅಂಪೈರ್ ಕೈ ಚಾಚಿದ್ದ. ನೋ-ಬಾಲ್! ಇನ್ನ ಎರಡ ರನ್ ಸಾಕು, ಮ್ಯಾಲ ಫ್ರೀ ಹಿಟ್ ಬ್ಯಾರೆ.

"ಮತ್ತ ಮಾರ್ಕೊಂಡಾ!" ಅಂತ ಮೈದಾನಕ್ಕ ಮೈದಾನನ ಎದ್ದು ನಿಂತಿತು.

ರೋಹನನ ಮಾರಿ ಬಿಳಿಚಿತ್ತು. "ಮಯೂರ, ಕಾಲು ಉಳುಕೈತಿ ಅಂತ ಹೇಳ್ತೇನಿ. ಇದೊಂದು ಬಾಲ್ ನೀ ಹಾಕು."

"ಹುಚ್ಚಪ್ಯಾಲಿ! ಈಗ ದಾಟಿದ್ದು ತಪ್ಪು, ಅವತ್ತ ದಾಟಿದ್ದು ಮೋಸ. ಕಾಲು ಉಳುಕೈತಿ ಅಂದ್ರ ಮತ್ತ ಮೋಸಾನ ಆಗತೈತಿ. ಚಪ್ಪಲ್ ಮುಟ್ಟಬ್ಯಾಡ. ಹೆಜ್ಜಿ ಹಿಡದ ಹಾಕು!"

ಬಾಲ್ ಅವನ ಕೈಯಾಗ ತುರಕಿ ನಾ ಹಿಂದ ಸರದೆ.

ಅಂವ ಓಡಿದ. ಮೈಕು ಬಂದ್ ಆತು. ಖರೇ ಹೇಳ್ತೇನ್ರಿ, ಬಾಲ್ ಯಾರೂ ನೋಡಲಿಲ್ಲ. ಅಂಪೈರ್, ಕಾಕಾ, ನಾನು, ಇಡೀ ಖಾನಾಪುರ ಅವನ ಕಾಲು ನೋಡಾಕತ್ತಿದ್ವಿ. ಹಿಮ್ಮಡ ಗೆರಿ ಹಿಂದ ಬಿತ್ತು, ಬೆರಳಷ್ಟ ಸುಣ್ಣದ ಮ್ಯಾಲ. ಅಂಪೈರನ ಕೈ ಏಳಲಿಲ್ಲ.

ಆ ಕಡೆ 'ಟಪ್' ಅಂತು. ಬಾಲ್ ಕೀಪರನ ಕೈಯಾಗಿತ್ತು. ಬ್ಯಾಟ್ಸ್‌ಮನ್ ನಿಂತಲ್ಲೇ ನಿಂತಿದ್ದ. ಪಾಪ, ಅವನೂ ಕಾಲ ನೋಡಾಕತ್ತಿದ್ದ!

"ಗೆದ್ವಲೇ!" ಅಂತ ಒದರಿ ರೋಹನನ್ನ ಎತ್ತಿ ಗರಗರ ತಿರುಗಿಸಿದೆ. ಇಳಿಸಿದಾಗ ಕಣ್ಣಿಗೆ ಬಿತ್ತು: ಬೂಟಿನ ತುದಿ ಸುಣ್ಣ ಮೆತ್ತಿ ಬೆಳ್ಳಗಾಗಿತ್ತು. ವರಸಾಕಂತ ಟಾವೆಲ್ ಹಿಡದು ಬಗ್ಗಿದೆ.

ಅಂವ ಕಾಲು ಹಿಂದಕ್ಕ ಜಗ್ಗಿಕೊಂಡ.

"ಇರಲಿ ಬಿಡೋ. ಮೊದಲ ಕಾಕಾಗ ತೋರಸ್ತೇನಿ."